ಲಾಳಿಯ ಮುತ್ತು

ಮಗ್ಗದ ಶೆಡ್ಡಿನಲ್ಲಿ ಮುತ್ತು ಎಂದರೆ ಒಂದೇ ಅರ್ಥ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿರುವ ಕಂಡಿಕೆಯ ನೂಲು ಮುಗಿದು ಮಗ್ಗ ನಿಂತಿತೆನ್ನಿ. ಹೊಸ ಕಂಡಿಕೆ ಕೂರಿಸಬೇಕು, ಲಾಳಿಯ ಪಕ್ಕೆಯಲ್ಲಿರುವ ಸಣ್ಣ ತೂತಿಗೆ ತುಟಿ ಹಚ್ಚಿ ಉಸಿರನ್ನು ಒಳಗೆಳೆಯಬೇಕು. ನೂಲಿನ ತುದಿ ತೂತು ದಾಟಿ ನಾಲಿಗೆಯ ಮೇಲೆ ಬಂದು ಕೂರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮಗ್ಗ ಮತ್ತೆ ಹೊರಟಿತು. ಇದನ್ನೇ ಮುತ್ತು ಕೊಡುವುದು ಎನ್ನುತ್ತಾರೆ. ಬೆಳಗಿನ ಪಾಳಿಯವಳು ಕೊಟ್ಟ ಲಾಳಿಗೇ ಮಧ್ಯಾಹ್ನದ ಪಾಳಿಯವಳೂ ಕೊಡುತ್ತಾಳೆ. ಮನೆಯಲ್ಲಿ ಮಗು ಕಚ್ಚಿದ ಹಣ್ಣನ್ನು ಎಂಜಲೆಂದು ಪಕ್ಕಕ್ಕಿಡುವವರೂ ಇಲ್ಲಿ ಆ ಮಾತೆತ್ತುವುದಿಲ್ಲ. ಲಾಳಿಗೆ ಎಂಜಲಿಲ್ಲ ಎಂಬುದು ಶೆಡ್ಡಿನೊಳಗಿನ ಗಾದೆ.

ಮಧ್ಯಾಹ್ನದ ಪಾಳಿಯ ಗಂಟಮ್ಮನೂ ಬಹುಕಾಲ ಆ ಗಾದೆಯನ್ನೇ ನಂಬಿದ್ದಳು. ಕಡಿದ ಎಳೆಗೆ ಅವಳು ಹಾಕುವ ಗಂಟು ಬೆರಳಿಗೂ ತಿಳಿಯುತ್ತಿರಲಿಲ್ಲ, ಹಾಗಾಗಿ ಆ ಹೆಸರು. ಸದಾ ಮುಖ ಗಂಟು ಹಾಕಿಕೊಂಡಿರುವುದಕ್ಕೆ ಆ ಹೆಸರು ಎನ್ನುವುದು ಮೇಸ್ತ್ರಿಯ ತಕರಾರು.

ಗಂಟಮ್ಮನಿಗೆ ಇದ್ದವಳು ಅಕ್ಕನೊಬ್ಬಳೇ. ಅವಳೂ ಅದೇ ಮಗ್ಗಗಳಲ್ಲಿ ದುಡಿದು, ಹತ್ತಿಯ ಧೂಳನ್ನು ಎದೆಯಲ್ಲಿ ತುಂಬಿಕೊಂಡು ಮನೆ ಸೇರಿದ್ದಳು. ಮಂಚದಿಂದ ಒಲೆಯವರೆಗೆ ನಡೆದರೆ ಏದುಸಿರು. ಬಾಯಿ ಮಾತ್ರ ಸುಸ್ತಾಗಿರಲಿಲ್ಲ. "ಆ ಲಾಳಿಗೆ ನಾನು ಕೊಟ್ಟಷ್ಟು ಮುತ್ತು ಕಟ್ಟಿಕೊಂಡವನಿಗೂ ಕೊಟ್ಟಿಲ್ಲ ಕಣೇ. ಅವನಾದರೂ ಬಿಟ್ಟು ಹೋದ. ಲಾಳಿ ಕೊಟ್ಟಿದ್ದು ನೋಡು, ಎದೆಯಲ್ಲೇ ಉಳಕೊಂಡಿದೆ!"

ಚಳಿಗಾಲದ ಮೊದಲಲ್ಲಿ ಇಬ್ಬರೂ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳಲು ಹೋದಾಗ ಡಾಕ್ಟರಮ್ಮ ಅಕ್ಕನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಗಂಟಮ್ಮನನ್ನು ಬಾಗಿಲ ಬಳಿ ಕರೆದರು.

"ನಿಮ್ಮಕ್ಕನ ಎದೆ ಅರ್ಧ ಹತ್ತಿಯೇ ಆಗಿದೆ. ಇವರಿಗೆ ಫ್ಲೂ ಹಿಡಿದರೆ ನಾನು ಯಾವ ಮಾತೂ ಕೊಡೋಕಾಗಲ್ಲ."

"ಈಗ ಚುಚ್ಚಿದ್ರಲ್ಲ?"

"ಅದು ಕೊಡೆ ಇದ್ದ ಹಾಗಮ್ಮ. ಕೊಡೆ ಇದೆ ಅಂತ ಬಿರುಮಳೆಯಲ್ಲಿ ನಿಲ್ತೀರಾ? ಕೆಮ್ಮೋರ ಉಸಿರಲ್ಲಿ ಬರುತ್ತೆ, ಮುಟ್ಟಿದ ಕೈಯಲ್ಲಿ ಬರುತ್ತೆ, ಎಂಜಲಲ್ಲಿ ಬರುತ್ತೆ. ಮನೆಗೆ ತರೋದಿದ್ರೆ ನೀವೇ ತರಬೇಕು. ಇವರಂತೂ ಹೊಸ್ತಿಲು ದಾಟಲ್ಲವಲ್ಲ."

ಎಂಜಲು ಎಂಬ ಆ ಒಂದು ಮಾತು ಗಂಟಮ್ಮನಿಗೆ ದಾರಿಯುದ್ದಕ್ಕೂ ಅನ್ನದೊಳಗಿನ ಕಲ್ಲಿನಂತೆ ಸಿಗುತ್ತಾ ಹೋಯಿತು.

ಮನೆಗೆ ಬಂದು ಹೇಳಿದಾಗ ಅಕ್ಕ ನಗಲಿಲ್ಲ. ಪೆಟ್ಟಿಗೆಯಿಂದ ತೆಳು ತಂತಿಯೊಂದನ್ನು ತೆಗೆದು, ತುದಿ ಮಡಿಸಿ ಕೊಕ್ಕೆ ಮಾಡಿಕೊಟ್ಟಳು. "ಇದನ್ನ ತೂತಲ್ಲಿ ತೂರಿಸಿ ನೂಲು ಎಳಿ. ತುಸು ತಡ ಆಗುತ್ತೆ. ನಾನೂ ಹಿಂದೆ ಹೀಗೇ ಮಾಡೋಕೆ ಹೋಗಿದ್ದೆ. ಬಟ್ಟೆ ಕಮ್ಮಿ ಬರುತ್ತೆ ಅಂತ ಆಗಿನ ಮೇಸ್ತ್ರಿ ಕಿತ್ಕೊಂಡ. ನಾನು ಬಾಯಿ ಮುಚ್ಕೊಂಡಿದ್ದೆ. ನೀನು ಇರಬೇಡ."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಫ್ಲೂ ಶೆಡ್ಡಿಗೂ ಬಂತು. ಮೊದಲು ನೂಲು ಸುತ್ತುವವರಲ್ಲಿ ಒಬ್ಬಳು ಮಲಗಿದಳು, ಆಮೇಲೆ ಸಾಲಾಗಿ. ಅಲ್ಲಿ ಅದಕ್ಕೆ ಅನುಕೂಲವೂ ಹಾಗೇ ಇತ್ತು. ಒಣಗಾಳಿ ಬಡಿದರೆ ನೂಲು ಕಡಿಯುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಒಬ್ಬರು ಬಿಟ್ಟ ಗಾಳಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾ ದಿನ ನೂಕುತ್ತಿದ್ದರು. ಮೇಸ್ತ್ರಿ ಎಲ್ಲರಿಗೂ ಮಾಸ್ಕ್ ಹಂಚಿ, ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡ. ಹೆಂಗಸರೂ ಶ್ರದ್ಧೆಯಿಂದ ಹಾಕಿಕೊಂಡರು. ಮಗ್ಗ ನಿಂತಾಗ ಮಾಸ್ಕನ್ನು ಗಲ್ಲಕ್ಕಿಳಿಸಿ, ಲಾಳಿಗೆ ಮುತ್ತು ಕೊಟ್ಟು, ಮತ್ತೆ ಮೂಗಿನವರೆಗೆ ಎಳೆದುಕೊಂಡರು! ಕೋಟೆಗೆ ಬೀಗ ಜಡಿದು ಶತ್ರುವನ್ನು ಒಳಗೇ ಕೂರಿಸಿಕೊಂಡ ಹಾಗಾಯಿತು.

ಆ ದಿನ ಗಂಟಮ್ಮ ಪಾಳಿಗೆ ಬಂದಾಗ, ಅವಳ ಮಗ್ಗಗಳನ್ನು ಬೆಳಿಗ್ಗೆ ನಡೆಸಿದ, ಎಲ್ಲರೂ ಗಿಳಿ ಎಂದು ಕರೆಯುವವಳು ಕಂಬಕ್ಕೊರಗಿ ನಿಂತಿದ್ದಳು. ಬಿಡುವಿಲ್ಲದೆ ಮಾತಾಡುವ ಗಿಳಿಯ ಬಾಯಿ ಅಂದು ಒಣಗಿತ್ತು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ, ಎಂದಿನಂತೆ ಮಾಸ್ಕ್ ಇಳಿಸಿ ಗಂಟಮ್ಮನ ಕಿವಿಗೆ ಬಾಯಿ ಹಚ್ಚಿದಳು. ಉಸಿರು ಕಾದ ಹೆಂಚಿನಂತಿತ್ತು.

"ಮೈ ಸುಡ್ತಿದೆ ಕಣೇ. ರಜೆ ಕೇಳಿದ್ದಕ್ಕೆ ಮಗ್ಗ ಬೇರೆಯವರಿಗೆ ಕೊಡ್ತೀನಿ ಅಂದ್ರು."

ಅಷ್ಟರಲ್ಲಿ ಮಗ್ಗ ನಿಂತಿತು, ನೂಲು ಮುಗಿದಿತ್ತು. ಗಿಳಿ ಅಭ್ಯಾಸಬಲದಿಂದ ಹೊಸ ಕಂಡಿಕೆ ಕೂರಿಸಿ, ಲಾಳಿಯನ್ನು ತುಟಿಗೆ ಹಚ್ಚಿ, ನೂಲೆಳೆಯುವ ಮೊದಲೇ ಅದರ ಮೇಲೆ ಕೆಮ್ಮಿ, ನಿನ್ನ ಪಾಲು ಎಂಬಂತೆ ಗಂಟಮ್ಮನ ಕೈಗೆ ಕೊಟ್ಟಳು.

ಗಂಟಮ್ಮ ಕೊಕ್ಕೆ ತೆಗೆದಳು. ನೂಲಿನ ತುದಿ ಇನ್ನೂ ಸಿಕ್ಕಿರಲಿಲ್ಲ, ಮಗ್ಗಗಳ ಸದ್ದನ್ನು ಮೀರಿ ಕೂಗುತ್ತಾ ಮೇಸ್ತ್ರಿ ಹಾಜರು.

"ಏನಿದು ಕಸೂತಿ? ಬಾಯಿಗೇನಾಗಿದೆ?"

"ಬಾಯಿ ಚೆನ್ನಾಗಿದೆ ಮೇಸ್ತ್ರಿ. ಚೆನ್ನಾಗಿರಲಿ ಅಂತಾನೇ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನಮ್ಮಾ? ಅದನ್ನ ಒಳಗಿಡು, ಮಗ್ಗ ಓಡಿಸು."

"ಮೂಗು ಕೊಯ್ಯೋದು ಬೇಡ. ಇವಳನ್ನ ಮನೆಗೆ ಕಳಿಸಿ, ಕಿಟಕಿ ತೆಗೆಸಿ."

"ಕಿಟಕಿ ತೆಗೆದ್ರೆ ನೂಲು ಉಳಿಯುತ್ತಾ?"

"ಕಡಿದ ನೂಲಿಗೆ ಗಂಟು ಹಾಕೋಕೆ ನಾನಿದ್ದೀನಿ. ಕಡಿದ ಉಸಿರಿಗೆ ಗಂಟು ಹಾಕೋರು ಯಾರು?"

ಪಕ್ಕದ ಮಗ್ಗದವಳಿಗೆ ಮಾತು ಕೇಳಿಸಲಿಲ್ಲ, ತಾನು ಏನನ್ನೋ ಕಳೆದುಕೊಳ್ಳುತ್ತಿದ್ದೇನೆ ಎಂಬುದು ಮಾತ್ರ ಗೊತ್ತಾಯಿತು. ತನ್ನ ಮಗ್ಗ ನಿಲ್ಲಿಸಿದಳು. ಅವಳಾಚೆಯವಳೂ ನಿಲ್ಲಿಸಿದಳು. ಸದ್ದು ಸಾಲುಸಾಲಾಗಿ ಕಳಚಿ ಬಿತ್ತು. ಆ ಶೆಡ್ಡಿನಲ್ಲಿ ಹಗಲು ಹೊತ್ತು ಮನುಷ್ಯರ ಮಾತು ಕೇಳಿದ್ದು ಅದೇ ಮೊದಲಿರಬೇಕು. ಮೇಸ್ತ್ರಿಗೆ ತನ್ನದೇ ದನಿ ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

"ಕೊಕ್ಕೆ ಹಿಡಿದವರಿಗೆ ಇಲ್ಲಿ ಮಗ್ಗ ಇಲ್ಲ!" ಎಂದು ಅವನು ಕೂಗಿದ್ದು ಗೋಡೆಗೆ ಬಡಿದು ವಾಪಸು ಬಂತು. "ಲಾಳಿಗೆ ಎಂಜಲಿಲ್ಲ. ನಿಮ್ಮಕ್ಕ ಕೊಡಲಿಲ್ವಾ ಮುತ್ತು?"

ಅಕ್ಕನ ಹೆಸರೆತ್ತಬಾರದಿತ್ತು. ಗಂಟಮ್ಮನ ಹುಬ್ಬು ಅಂದು ನಿಜವಾಗಿ ಗಂಟಾಯಿತು. ಗಿಳಿ ಕೆಮ್ಮಿದ ಆ ಲಾಳಿಯನ್ನು ಹಾಗೆಯೇ ಎತ್ತಿಕೊಂಡು, ಮೇಸ್ತ್ರಿಯ ಮುಂದೆ ನಡೆದು, ಅವನ ಬಾಯಿಯ ಮಟ್ಟಕ್ಕೆ ಹಿಡಿದಳು.

"ಎಂಜಲಿಲ್ಲ ತಾನೇ? ತಗೊಳ್ಳಿ. ಒಂದು ಮುತ್ತು ಕೊಡಿ. ಆಮೇಲೆ ಸಾಯೋವರೆಗೂ ನಾನು ಕೊಡ್ತೀನಿ."

ಉತ್ತರವನ್ನು ಮೇಸ್ತ್ರಿಯ ಕಾಲು ಹೇಳಿತು. ಯಾರ ಅಪ್ಪಣೆಯನ್ನೂ ಕೇಳದೆ ಅದು ಒಂದು ಹೆಜ್ಜೆ ಹಿಂದೆ ಸರಿಯಿತು, ಇನ್ನೊಂದು ಕಾಲೂ ಅದರ ಹಿಂದೆ ಹೋಯಿತು. ಇಡೀ ಶೆಡ್ಡು ನೋಡಿತು. ಯಾರೋ ಕಿಸಕ್ಕೆಂದರು. ಕಂಬಕ್ಕೊರಗಿದ್ದ ಗಿಳಿಯೇ, "ಪಾಪ, ನಾಚಿಕೆ ಅವರಿಗೆ" ಎಂದಳು. ಜ್ವರದಲ್ಲೂ ಹುಟ್ಟುಗುಣ ಬಿಡಲಿಲ್ಲ.

ಗಿಳಿ ಮನೆಗೆ ಹೋದಳು, ಮಗ್ಗ ಅವಳದೇ ಎಂಬ ಮಾತು ಪಡೆದುಕೊಂಡು. ಕಿಟಕಿಗಳ ಮೊಳೆ ಕೀಳಲು ಸುತ್ತಿಗೆ ಬಂತು. ನೂಲು ಬರುವ ಪೆಟ್ಟಿಗೆಗಳಿಗೆ ಬಿಗಿದ ತಂತಿ ಬಿಚ್ಚಿ ಹೆಂಗಸರು ಕೊಕ್ಕೆ ಮಡಿಸಿಕೊಂಡರು. ಬಟ್ಟೆ ಕಮ್ಮಿಯಾಗುತ್ತದೆಂದು ಮೇಸ್ತ್ರಿ ಗೊಣಗಿದ. ಕಮ್ಮಿಯೂ ಆಯಿತು.

ಆದರೆ ಗೆದ್ದವಳೆಂದು ಫ್ಲೂ ಯಾರನ್ನೂ ಬಿಡುವುದಿಲ್ಲ. ಕಿವಿಗೆ ಬಾಯಿ ಹಚ್ಚಿದ ಆ ಉಸಿರು ಬಿಟ್ಟೀತೆ? ಒಂದೆರಡು ದಿನ ಕಳೆದು, ಮನೆಗೆ ಬರುವ ದಾರಿಯಲ್ಲೇ ಗಂಟಮ್ಮನ ಮೈ ನಡುಗಿತು. ಅವಳು ನೇರ ಒಳಗೆ ಹೋಗಲಿಲ್ಲ. ಕೈಗೆ ಸೋಪು ಹಚ್ಚಿ ತೊಳೆದು, ಮಾಸ್ಕನ್ನು ಮೂಗಿಗೆ ಒತ್ತಿ, ನಡುವಿನ ಬಾಗಿಲನ್ನು ಈಚೆಯಿಂದ ಎಳೆದು ಚಿಲಕ ಹಾಕಿದಳು. ಅಕ್ಕನ ಕೋಣೆಗೆ ಹಿತ್ತಲ ಬಾಗಿಲಿತ್ತು, ಒಲೆಯೂ ಆ ಕಡೆಗೇ ಇತ್ತು. ಮುಂದಿನ ಕೋಣೆಯ ಕಿಟಕಿ ತೆರೆದು ಚಾಪೆ ಹಾಸಿಕೊಂಡಳು.

"ತೆಗಿಯೇ ಬಾಗಿಲು!" ಅಕ್ಕ ಬಡಿದಳು. "ಜ್ವರದವಳಿಗೆ ಬಿಸಿನೀರು ಕೊಡೋಕೆ ನಿನ್ನ ಅಪ್ಪಣೆ ಬೇಕಾ? ಎತ್ತಿ ಆಡಿಸಿದವಳು ನಾನು!"

"ಹೊರಗಿಂದ ಕಿಟಕಿ ಹತ್ರ ಇಟ್ಟು ಹೋಗು. ಎತ್ತಿ ಆಡಿಸಿದ್ದಕ್ಕೇ ತೆಗಿಯಲ್ಲ."

"ಹಟಮಾರಿ!"

"ನಿನ್ನ ತಂಗಿ."

ಅಕ್ಕ ಬೈದಳು, ಅತ್ತಳು, ಮತ್ತೆ ಬೈದಳು. ತಂಗಿ ಚಿಲಕ ತೆಗೆಯಲಿಲ್ಲ. ಜ್ವರದ ಮಂಪರಿನಲ್ಲೂ ಗಂಟಮ್ಮನ ಕಿವಿ ಗೋಡೆಯಾಚೆಗೇ ಇತ್ತು.

ಪಾಳಿಯ ಅರ್ಧ ಹೆಂಗಸರು ಜ್ವರದಿಂದ ಮಲಗಿದ್ದಾಗ, ಮೇಸ್ತ್ರಿ ಬಂದು ಕಿಟಕಿಯಿಂದ ದೂರದಲ್ಲಿ ನಿಂತು ಕರೆದ. "ನೋಡಮ್ಮ, ಕೊಕ್ಕೆಗೂ ಒಪ್ಪಿದ್ದಾಯ್ತು, ಕಿಟಕಿಗೂ ಒಪ್ಪಿದ್ದಾಯ್ತು. ಈಗ ಮಾತ್ರೆ ನುಂಗಿ ಬಂದುಬಿಡು."

"ಮಾತ್ರೆ ಇಲ್ಲದೆ ಜ್ವರ ಬಿಟ್ಟು ಒಂದು ದಿನ ಪೂರ್ತಿ ಆಗಬೇಕು. ಅಲ್ಲೀವರೆಗೆ ಬರಲ್ಲ."

"ಮಗ್ಗ ಸುಮ್ಮನೆ ನಿಂತಿದೆ!"

"ನಿಂತಿರಲಿ. ಅದಕ್ಕೇನು ಕಾಲು ನೋಯುತ್ತಾ?"

ಮೇಸ್ತ್ರಿ ಮತ್ತೆ ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಅಕ್ಕನ ದನಿ ಬಂತು. "ಅವಳು ಬರಲ್ಲ ಅಂದ್ಮೇಲೆ ಬರಲ್ಲ! ನನಗೇ ಬಾಗಿಲು ತೆಗೆದಿಲ್ಲ, ನಿನ್ನ ಮಗ್ಗ ಯಾವ ಲೆಕ್ಕ? ಹೋಗಯ್ಯಾ!"

ಅಷ್ಟು ಕೂಗಿದ ಮೇಲೆ ಕೆಮ್ಮು ಬಂದೇ ಬಂತು. ಗಂಟಮ್ಮ ಉಸಿರು ಬಿಗಿಹಿಡಿದು ಕೇಳಿದಳು. ಒಣ ಕೆಮ್ಮು. ಹಳೆಯದು, ಹತ್ತಿಯದು, ಇಷ್ಟು ವರ್ಷ ಕೇಳಿದ ಅದೇ ಕೆಮ್ಮು. ಹೊಸದೇನೂ ಅದರಲ್ಲಿ ಇರಲಿಲ್ಲ. ಅವಳು ಗೋಡೆಯ ಕಡೆಗೆ ಮಗ್ಗಲು ತಿರುಗಿ ಕಣ್ಣು ಮುಚ್ಚಿದಳು.