ಕಮಲಾಬಾಯಿಗೆ ಕೊಟ್ಟ ಕಾವು

ನಾಕು ವರ್ಷ ಆತು, ನನ್ನ ಮೈಯೆಲ್ಲಾ ಬ್ಯಾನಿ. ರಕ್ತ ನೋಡಿದ್ರು, ಎಕ್ಸ್‌ರೇ ತಗದ್ರು, ಎಲ್ಲಾ ನಾರ್ಮಲ್. ರಿಪೋರ್ಟ್ ನೋಡಿ ನಮ್ಮನಿಯವರು, ದಿಗಂಬರರಾಯರು, ಪರೀಕ್ಷಾ ಪಾಸಾದವರಂಗ ಹಿಗ್ಗಿದ್ರು. "ನಾ ಹೇಳಿದ್ನಲ್ಲ, ಬರೇ ಸೋಗು!" ಆವತ್ತಿನಿಂದ ನಾ ನರಳಿದ್ರ ಟೀವಿ ದನಿ ಏರಸ್ತಾರ.

ಸೊಸಿ ಶರ್ವರಿ ಒಬ್ಬಾಕೀನ ನನ್ನ ಕೈಬಿಡಲಿಲ್ಲ. ಬೈಲಹೊಂಗಲದಾಗ ಮೈಗೆಲ್ಲಾ ಕಾವು ಕೊಡೋ ಸೆಂಟರ್ ಆಗೇದಂತ, ರಾಮದುರ್ಗದಿಂದ ಬಸ್ಸಿನಾಗ ಕರಕೊಂಡು ಹೋದ್ಲು. ಡಾಕ್ಟರು ಬಿಪಿ ನೋಡಿ ಕಟಗಿ ಪೆಟಗಿಯೊಳಗ ಕೂಡಿಸಿ ಉಗಿ ಬಿಟ್ರು. ತಲಿ ಅಷ್ಟ ಹೊರಗ. "ಪೂರಾ ಹೋಗಂಗಿಲ್ಲ ಅಕ್ಕಾರ, ಸ್ವಲ್ಪ ಸಡಲ ಆಗಬಹುದು" ಅಂದ್ರು. ಅಂದ್ರ ಬ್ಯಾನಿ ಅದ ಅಂತ ಅವರು ನಂಬಿದ್ರು. ನನಗ ಅಳೂನ ಬಂತು.

ಮರುದಿನ ಮುಂಜಾನೆ ನೆಟ್ಟಗ ನಡಕೋತ ಹೋಗಿ ಚಹಾ ಇಟ್ಟೆ. ಅದ ತಪ್ಪಾತು ನೋಡ್ರಿ. "ಪೆಟಗ್ಯಾಗ ಕೂತ್ರ ಹೋಗೂದು ಎಂಥಾ ಬ್ಯಾನಿ?" ಅಂದ ರಾಯರು, ನಮ್ಮತ್ತೀಯವರ ಶ್ರಾದ್ಧಕ್ಕ ಹೇಳಿಟ್ಟಿದ್ದ ಅಡಗಿಯವರಿಗೆ ಫೋನ್ ಹಚ್ಚಿ ಬ್ಯಾಡ ಅಂದ್ರು. ಅಬ್ಬಬ್ಬಾ, ಏನು ಭರೋಸಾ ನನ್ನ ಮ್ಯಾಲೆ!

ಶ್ರಾದ್ಧ ಅಂದ ಮ್ಯಾಲೆ ಮಡಿ. ಮಡಿ ಅಂದ್ರ ನಸಿಕಿನಾಗ ತಣ್ಣೀರು, ಮೈಮ್ಯಾಲೆ ಒದ್ದಿ ಸೀರಿ. "ನಾ ಮಾಡತೀನಿ" ಅಂದ ಶರ್ವರಿಗೆ "ನಮ್ಮವ್ವನ ಅಡಗಿ ಆಕಿ ಸೊಸೀನ ಮಾಡಬೇಕು" ಅಂದ್ರು. ಬೈಲಹೊಂಗಲದಾಗ ಕಾಸಿದ ಮೈಯನ್ನ ರಾಮದುರ್ಗದಾಗ ತೊಯಿಸಿಕೊಂಡು ಒಲಿ ಮುಂದ ನಿಂತೆ. ವಡಿ ಕರಿಯೋದ್ರಾಗ ಬೆರಳು ಮಡಚಲಿಲ್ಲ.

"ಶುರು ಆತು ನಾಟಕ" ಅಂದ್ರು.

ಊಟ ಆತು. ಬ್ರಾಹ್ಮಣರಿಗೆ ನಮಸ್ಕಾರ ಮಾಡಲಿಕ್ಕೆ ಬಗ್ಗಿದ ರಾಯರು ಮ್ಯಾಲೆ ಏಳಲೇ ಇಲ್ಲ. ನಡಾ ಹಿಡಕೊಂಡಿತ್ತು. "ಸತ್ತೆ!" ಅಂತ ಒದರಿದ್ರು. ಎಣ್ಣಿ ಬಂತು, ದಿಂಬು ಬಂತು, ಓಣಿ ಮಂದಿ ಬಂತು. ಪಾಪ ಪಾಪ ಅಂತ ಎಲ್ಲಾರೂ ಲೊಚಗುಟ್ಟಿದ್ರು. ರಿಪೋರ್ಟ್ ಎಲ್ಲೆ ಅಂತ ಒಂದು ನರಪಿಳ್ಳೆನೂ ಕೇಳಲಿಲ್ಲ.

ಮುಂದಿನ ವಾರ ಬೈಲಹೊಂಗಲದಾಗ ನನ್ನ ಪಾಳಿಗೆ ಅವರು ಪೆಟಗ್ಯಾಗ ಕೂತ್ರು. ನಾ ಹೊರಗ ಸ್ಟೂಲಿನ ಮ್ಯಾಲೆ, ಅವರ ಹಣಿ ಒರಸಿಕೋತ.

"ಕಮಲಾ, ಖರೇನ ಭಾಳ ನೋಯಲಿಕ್ಕೆ ಹತ್ತೇದ" ಅಂದ್ರು. ಕಣ್ಣಾಗ ನೀರು.

"ಹೌದೇನ್ರಿ" ಅಂದೆ. ಒಂದ ಮಾತಿಗೆ ನಂಬಿಬಿಟ್ಟೆ. ನಂಬಲಿಕ್ಕೆ ಇಷ್ಟ ಸಾಕಿತ್ತೇನು ಅನಸ್ತು, ಮೈಯೆಲ್ಲಾ ಉರಿಯೋಹಂಗ ಸಿಟ್ಟು ಬಂತು.