ಸಾಲ ಮಾಡಿ ಕಂಡ ಊಟಿ

ಕಡಲ ಬದಿಯಲ್ಲಿ ಮನೆ ಇದ್ದವರಿಗೆ ಮಳೆಗಾಲ ಬಂತೆಂದರೆ ಚಿಂತೆ. ಮನೆ ಉಳಿದೀತೇ? ಒಲೆ ಉರಿದೀತೇ? ಮರವಂತೆಯ ಜಲಜಳಿಗೆ ಎರಡೂ ಚಿಂತೆ ಗೊತ್ತಿತ್ತು. ಹಿಂದಿನ ಮಳೆಗಾಲದ ಕಡಲ್ಕೊರೆತಕ್ಕೆ ಅವಳ ಅಡುಗೆಮನೆಯ ಗೋಡೆ ಕುಸಿದು ಬಿದ್ದಿತ್ತು. ಮಹಿಳಾ ಸಂಘದ ಮೂಲಕ ಬ್ಯಾಂಕಿನ ಸಾಲ ತೆಗೆದು ಹೊಸ ಗೋಡೆ ಕಟ್ಟಿಸಿದ್ದಳು. ಕಂತನ್ನು ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಗಂಡ ಚಂದ್ರ ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವ. ಕಡಲಿಗೆ ಹೋದನೆಂದರೆ ದಿನಗಟ್ಟಲೆ ಮನೆಗೆ ಮುಖ ಇಲ್ಲ. ಜಲಜ ತಲ್ಲೂರಿನ ರಸ್ತೆ ಬದಿ ಕೂತು ಮೀನು ಮಾರುತ್ತಿದ್ದಳು. ಪಕ್ಕದಲ್ಲೇ ಸರೋಜಕ್ಕನ ಒಣಮೀನಿನ ಬುಟ್ಟಿ. ಇಬ್ಬರೂ ಒಂದೇ ಸಂಘದವರು. ಹೋಗುವುದು ಒಂದೇ ಬಸ್ಸಿನಲ್ಲಿ, ಮಧ್ಯಾಹ್ನದ ಬುತ್ತಿ ಹಂಚಿಕೊಂಡೇ ಊಟ.

ಮೇ ತಿಂಗಳು ಬಂತು. ಬೋಟು ದಡ ಸೇರಿತು. ಇನ್ನು ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ಸರಕಾರದ ನಿಷೇಧ, ಬೋಟು ಕಡಲಿಗೆ ಇಳಿಯುವಂತಿಲ್ಲ. ಅದೇ ಹೊತ್ತಿಗೆ ಕೇರಿಯ ನಾಲ್ಕಾರು ಮನೆಯವರು ಸೇರಿ ಊಟಿಗೆ ಬಸ್ಸು ಗೊತ್ತು ಮಾಡಿದರು. ಜಲಜಳ ಮಗಳು ಮೋಕ್ಷಿತಾ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಮುಂದೆ ಓದಲು ಮಂಗಳೂರಿನ ಹಾಸ್ಟೆಲಿಗೆ ಹೊರಟವಳು.

"ಅಮ್ಮ, ಅಪ್ಪಯ್ಯನೊಟ್ಟಿಗೆ ನಾವ್ ಎಲ್ಲಿಗಾರೂ ಹೋದ್ದ್ ಇತ್ತಾ?" ಎಂದು ಅವಳು ಕೇಳಿದಳು.

ಜಲಜ ಎಷ್ಟು ನೆನಪು ಮಾಡಿಕೊಂಡರೂ ಒಂದು ಸಲವೂ ಸಿಗಲಿಲ್ಲ. ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

"ದುಡ್ಡಿನ್ ಚಿಂತೆ ಬಿಡ್," ಎಂದ ಚಂದ್ರ. "ಈಗ ಫೋನಲ್ಲೇ ಸಾಲ ಕೊಡ್ತ್ರ್. ಹೋಯಿ ಬಪ್ಪ. ಆಗಸ್ಟಿಗೆ ಬೋಟ್ ಇಳಿತ್ತಲೆ, ಮತ್ತೆ ಕಟ್ಟುವ."

ಆ ವಾರದ ಸಂಘದ ಸಭೆಯಲ್ಲಿ ಜಲಜ ಸಂಭ್ರಮದಿಂದಲೇ ಸುದ್ದಿ ಹೇಳಿದಳು. ಸಂಘದ ಲೆಕ್ಕ ನೋಡಿಕೊಳ್ಳುವ ವಿನಯಾ ಕಿವಿಗೊಟ್ಟು ಕೇಳಿ, ಮೆಲ್ಲಗೆ ಮಾತು ತೆಗೆದಳು.

"ಜಲಜಕ್ಕ, ಹೋಪ್ದ್ ತಪ್ಪ್ ಅಂದ್ ನಾ ಹೇಳುದಿಲ್ಲ. ಗಂಡ, ಮಗಳೊಟ್ಟಿಗೆ ನಾಲ್ಕ್ ದಿನ ಇರ್ಕ್ ಅಂಬು ಆಸೆ ಯಾರಿಗಿಲ್ಲ? ಆದ್ರೆ ಎರಡ್ ತಿಂಗ್ಳ್ ಬೋಟ್ ಇಲ್ಲ. ಮನಿಗೆ ದುಡ್ಡ್ ಎಲ್ಲಿಂದ ಬತ್ತ್?"

"ನಾ ಸುಮ್ನೆ ಕೂಕಂತೆನಾ? ಸಿಕ್ಕಿದ್ ಮೀನ್ ಮಾರ್ತೆ."

"ಅದ್ ಅಕ್ಕಿ ಸಾಮಾನಿಗಾತ್ತ್. ಸಂಘದ್ ಕಂತಿಗೆ? ಅದ್ರ ಮೇಲೆ ಫೋನಿನ್ ಸಾಲದ್ ಕಂತಿಗೆ?"

"ಒಂದ್ ತಿಂಗ್ಳ್ ತಡ ಆರೆ ಎಂತ ಆತ್ತ್ ಮಾರಾಯ್ತಿ?"

"ಸಂಘದ್ ಸಾಲ ನಿಮ್ ಒಬ್ರದ್ದಲ್ಲ. ಒಬ್ರ್ ಕಂತ್ ನಿಂತ್ರೆ ಬ್ಯಾಂಕಿನವ್ರ್ ಯಾರಿಗೂ ಹೊಸ ಸಾಲ ಕೊಡುದಿಲ್ಲ. ಈ ಸಲ ಕೈಯಲ್ಲಿ ಇಪ್ಪ ದುಡ್ಡಲ್ಲಿ ಹತ್ರ ಎಲ್ಲಿಗಾರೂ ಹೋಯಿ ಬನ್ನಿ. ಊಟಿಗೆ ಈಗ್ಳಿಂದ್ಲೇ ಚೂರ್ ಚೂರ್ ಒಟ್ಟ್ ಮಾಡಿ, ಬಪ್ಪ ವರ್ಷ ಹೋಯಿನಿ."

ಜಲಜಳ ಮುಖ ಸಣ್ಣದಾಯಿತು. ಬಡವರು ಊರು ಬಿಟ್ಟು ಹೊರಟರೆ ಎಲ್ಲರಿಗೂ ಬುದ್ಧಿ ಹೇಳುವ ಉಮೇದು ಎಂದುಕೊಂಡಳು. ಅವಳ ಮೋರೆ ನೋಡಲಾರದೆ ಸರೋಜಕ್ಕ ಹೇಳಿದಳು: "ಹೋಯಿ ಬಾ ಹೆಣೆ. ಮಗಳಿಗೊಂದ್ ಆಸೆ ಅಲ್ದಾ? ಕಂತೊಂದ್ ಮರೀಬೇಡ."

ಚಂದ್ರ ಫೋನಿನಲ್ಲಿ ಸಾಲ ತೆಗೆದ, ಮೂವರೂ ಹೋದರು. ಸುಳ್ಳು ಯಾಕೆ ಹೇಳಬೇಕು, ಊಟಿ ಚೆಂದವೇ ಇತ್ತು. ಅಷ್ಟು ದೊಡ್ಡ ಕಡಲಿಗೆ ಹೆದರದ ಚಂದ್ರ ಚಳಿಗೆ ಹೆದರಿ ಕಿವಿ ಮುಚ್ಚಿ ಕೂತದ್ದನ್ನು ಕಂಡು ಮೋಕ್ಷಿತಾ ಬಿದ್ದು ಬಿದ್ದು ನಕ್ಕಳು. ಅಪ್ಪ ಮಗಳು ಅಷ್ಟು ಹೊತ್ತು ಮಾತಾಡಿದ್ದನ್ನು ಜಲಜ ಕಂಡದ್ದೇ ಮೊದಲು. ಆದರೆ ಸ್ವೆಟರ್, ಹೋಟೆಲಿನ ಊಟ, ಫೋಟೋ ಎಂದು ತಂದ ದುಡ್ಡು ಅರ್ಧ ದಾರಿಯಲ್ಲೇ ಮುಗಿಯಿತು. ಚಂದ್ರ ಅಲ್ಲಿಂದಲೇ ಫೋನಿನಲ್ಲಿ ಇನ್ನೊಂದು ಸಾಲ ತೆಗೆದ.

ಜೂನ್‌ನಲ್ಲಿ ಮಳೆ ಜಡಿಯಿತು. ಮಾರಲು ಮೀನೇ ಸಾಲದು. ಖಾತೆಗೆ ಬಂದ ಚೂರುಪಾರು ದುಡ್ಡನ್ನೂ ಫೋನಿನ ಸಾಲದವರೇ ಕಂತಿಗೆಂದು ಎಳೆದುಕೊಂಡರು. ಸಂಘದ ಕಂತು ನಿಂತಿತು. ಹೇಳಿಕೊಳ್ಳಲು ನಾಚಿಕೆಯಾಗಿ ಜಲಜ ಜ್ವರ ಎಂದು ನೆಪ ಹೇಳಿ, ಕಂತನ್ನು ತಾನೇ ಬ್ಯಾಂಕಿಗೆ ಕಟ್ಟುತ್ತೇನೆಂದು ಹೇಳಿ ಕಳಿಸಿ, ಸಭೆಗೆ ಹೋಗಲಿಲ್ಲ. ಜುಲೈಯಲ್ಲೂ ಹೋಗಲಿಲ್ಲ.

ಆ ಜುಲೈಯಲ್ಲೇ ತಲ್ಲೂರಿನಲ್ಲಿ ಒಂದು ಅಂಗಡಿ ಕೋಣೆ ಖಾಲಿಯಾಯಿತು. ಸಣ್ಣ ಕೋಣೆ, ಆದರೆ ಮೇಲೆ ಗಟ್ಟಿಯಾದ ಹೆಂಚಿನ ಮಾಡು. ಟಾರ್ಪಾಲಿನ ಕೆಳಗೆ ಒಣಮೀನು ನೆನೆಯದಂತೆ ಕಾಯುವುದೇ ಸರೋಜಕ್ಕನಿಗೆ ಪ್ರತಿ ಮಳೆಗಾಲದ ಪಾಡು. ಕೋಣೆಯ ಯಜಮಾನರು ಅವಳ ಮೇಲಿನ ವಿಶ್ವಾಸಕ್ಕೆ, "ಒಂದು ವಾರದೊಳಗೆ ಮುಂಗಡ ಕೊಟ್ಟರೆ ನಿಮಗೇ," ಎಂದರು. ಸರೋಜಕ್ಕ ಓಡಿ ಬಂದು ಸಂಘದಲ್ಲಿ ಸಾಲ ಕೇಳಿದಳು. ಹಳೆಯ ಕಂತು ಬಾಕಿ ಇದೆ, ಹೊಸ ಸಾಲ ಆಗುವುದಿಲ್ಲ ಎಂದಿತು ಬ್ಯಾಂಕು.

ವಿನಯಾ ಮಳೆಯಲ್ಲಿ ನೆನೆದುಕೊಂಡೇ ಜಲಜಳ ಮನೆಗೆ ಬಂದಳು. ಬ್ಯಾಂಕಿನವರು ಹೇಳಿದ್ದನ್ನು ಅವಳ ಮುಂದಿಟ್ಟಳು.

"ಜೂನಿಲ್ಲೇ ಒಂದ್ ಮಾತ್ ಹೇಳಿದ್ರೆ ಎಲ್ಲರೂ ಸೇರಿ ಎಂತಾರೂ ದಾರಿ ಮಾಡ್ಲಕ್ಕಿದಿತ್ತ್ ಜಲಜಕ್ಕ. ಈಗ ಎಲ್ರ ಮನೆಯಲ್ಲೂ ಕೈ ಖಾಲಿ."

ಜಲಜ ಕಿವಿಯ ಬೆಂಡೋಲೆ ಅಡವಿಟ್ಟಳು. ಚಂದ್ರ ಬೋಟಿನ ಯಜಮಾನರ ಹತ್ತಿರ ಮುಂಗಡ ಕೇಳಿದ. ಬಾಕಿ ತೀರುವ ಹೊತ್ತಿಗೆ ವಾರ ಕಳೆದಿತ್ತು. ಕೋಣೆ ಮೊಬೈಲ್ ಅಂಗಡಿಯವರ ಪಾಲಾಗಿತ್ತು.

ಜಲಜ ಸರೋಜಕ್ಕನ ಮನೆಗೆ ಹೋಗಿ ಅತ್ತಳು. "ನಿಮ್ ಹೊಟ್ಟೆ ಮೇಲೆ ಹೊಡ್ದೆ ಸರೋಜಕ್ಕ."

ಸರೋಜಕ್ಕ ಬೈಯಲಿಲ್ಲ. "ಹೋಯ್ತಲೆ, ಬಿಡ್," ಎಂದಳು. ಅಷ್ಟೇ. ಬೈದಿದ್ದರೆ ಜಲಜಳಿಗೆ ಹಗುರವಾಗುತ್ತಿತ್ತೋ ಏನೋ. ಆಮೇಲೆ ಬಸ್ಸಿನಲ್ಲಿ ಸರೋಜಕ್ಕ ಮುಂದಿನ ಸೀಟಿನಲ್ಲಿ ಕೂರತೊಡಗಿದಳು. ಬುತ್ತಿಯನ್ನೂ ಒಬ್ಬಳೇ ಬಿಚ್ಚಿದಳು.

"ಹೋಪು ಮುಂಚೆ ಒಂದ್ಸಲ ಲೆಕ್ಕ ಹಾಕುಕಿದಿತ್ತ್," ಎಂದ ಚಂದ್ರ ಒಂದು ದಿನ.

"ವಿನಯಾ ಲೆಕ್ಕ ಹಾಕಿ ಹೇಳಿದಿತ್ತ್. ನಾನೇ ಕೇಂಡಿಲ್ಲ," ಎಂದಳು ಜಲಜ.

ಮರುವರ್ಷ ಮೇ ಬಂದಾಗ ಗಂಡ ಹೆಂಡತಿ ಮೊದಲು ಎರಡು ತಿಂಗಳ ಕಂತಿನ ದುಡ್ಡು ತೆಗೆದಿಟ್ಟರು. ಮನೆಖರ್ಚಿಗೆ, ಆಪತ್ತಿಗೆ ಎಂದು ಬೇರೆ ಇಟ್ಟರು. ಉಳಿದದ್ದು ಸ್ವಲ್ಪವೇ. ರಜೆಗೆ ಬಂದಿದ್ದ ಮೋಕ್ಷಿತಾಳೇ, "ಇಷ್ಟ್ ಸಾಕಮ್ಮ, ಕೊಲ್ಲೂರಿಗೆ ಹೋಪ," ಎಂದಳು. ಬೆಳಿಗ್ಗೆ ಬಸ್ಸು ಹತ್ತಿ, ದೇವಸ್ಥಾನದಲ್ಲಿ ಉಂಡು, ಹೊಳೆ ಬದಿಯಲ್ಲಿ ಮೂವರೂ ಕೂತು ಮಾತಾಡಿ, ಸಂಜೆಗೆ ಮನೆ ಸೇರಿದರು. ಆ ದಿನಕ್ಕೆ ಸರೋಜಕ್ಕನನ್ನೂ ಜಲಜ ಕರೆದಿದ್ದಳು. "ನಂಗ್ ಕೆಲ್ಸ ಇತ್ತ್ ಹೆಣೆ," ಎಂದಿದ್ದಳು ಸರೋಜಕ್ಕ.

ಅಕ್ಕಂದಿರೇ, ಅಣ್ಣಂದಿರೇ, ದುಡಿಯುವ ಜೀವಕ್ಕೆ ನಾಲ್ಕು ದಿನದ ಬಿಡುವು ಬೇಕು. ಸಾಲ ಇದ್ದವರು ನಗಬಾರದು ಎಂದು ಯಾರೂ ಹೇಳುವುದಿಲ್ಲ. ಆದರೆ ಹೊರಡುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕೂತು ಕೇಳಿಕೊಳ್ಳಿ: ಬರುವ ತಿಂಗಳ ಕಂತಿಗೆ ದುಡ್ಡು ಇದೆಯೇ? ಕಾಯಿಲೆ ಕಸಾಲೆಗೆ ಏನಾದರೂ ಉಳಿದಿದೆಯೇ? ಇದೆಯಾದರೆ ಉಳಿದ ದುಡ್ಡಿನಲ್ಲಿ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಧೈರ್ಯವಾಗಿ ಹೋಗಿ ಬನ್ನಿ. ಇಲ್ಲವಾದರೆ ಪ್ರವಾಸಕ್ಕೆಂದು ಹೊಸ ಸಾಲ ಮಾಡಬೇಡಿ. ಮತ್ತೊಂದು ಮಾತು. ಕಂತು ಕಟ್ಟಲು ಆಗದ ದಿನ ಬಂದರೆ ಮನೆಯೊಳಗೆ ಅಡಗಿ ಕೂರಬೇಡಿ. ಅಂದೇ ಸಂಘಕ್ಕೆ ಹೋಗಿ, ಬಾಯಿಬಿಟ್ಟು ಹೇಳಿ. ನಿಮ್ಮ ಪಕ್ಕದಲ್ಲಿ ಕೂತವರು ನಿಮ್ಮನ್ನು ನಂಬಿ ಕೂತಿದ್ದಾರೆ.