ನಿಂಬೆಗೆ ಶುಕ್ರವಾರದ ನೀರು

ನಿಂಬೆಯ ಕುಂಡವನ್ನು ಎದೆಗೆ ಅವಚಿಕೊಂಡು ಅಕ್ತರಬೀ ಮಾಳಿಗೆಯಿಂದ ಒಂದೊಂದೇ ಮೆಟ್ಟಿಲು ಇಳಿದಳು. ಗಿಡವೇನೂ ದೊಡ್ಡದಲ್ಲ, ಗಿಡ್ಡ ಜಾತಿಯದು. ಎಷ್ಟು ವರ್ಷ ಸಾಕಿದರೂ ಸೊಂಟದ ಮೇಲೆ ಏರುವುದಿಲ್ಲ. ಆದರೆ ಈಗ ಅದಕ್ಕೆ ಮೈತುಂಬ ಹಳದಿ ಹಣ್ಣು. ಮುಳ್ಳು ಕತ್ತಿಗೆ ಚುಚ್ಚುತ್ತಿದ್ದರೂ ಅವಳಿಗೆ ನಗೆ ತಡೆಯಲಾಗುತ್ತಿರಲಿಲ್ಲ. ಪಕ್ಕದ ಮನೆಯ ರುಕ್ಮಿಣಿಬಾಯಿ ಸೋಲಾಪುರದಿಂದ ಭಾಲ್ಕಿಗೆ ಮರಳಿ ನಿನ್ನೆ ತಾನೇ ಬೀಗ ತೆಗೆದಿದ್ದಳು. ಇದನ್ನು ಕಂಡಾಗಿನ ಮುದುಕಿಯ ಮುಖ ನೋಡುವ ಅವಸರ ಇವಳಿಗೆ.

ಯುಗಾದಿ ಮುಗಿದ ಮೇಲೆ ರಜಾಕಾರರ ಗದ್ದಲ ಜೋರಾಗಿ ರುಕ್ಮಿಣಿಬಾಯಿಯ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಸಂಸ್ಥಾನದ ಗಡಿ ದಾಟಿದ್ದರು. ಹೊರಡುವಾಗ ಮುದುಕಿ ಮನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ, ಗಿಡವನ್ನು ಅಕ್ತರಬೀಯ ವಶಕ್ಕೆ ಕೊಟ್ಟು ಅತ್ತಳು. ಅದು ಬರೀ ಗಿಡವಲ್ಲವಲ್ಲ! ಮನೆಮಂದಿಯೆಲ್ಲ ಬೆಳಿಗ್ಗೆ ಲಿಂಗಪೂಜೆ ಮಾಡಿದ ನೀರು ಯಾರ ಕಾಲಿಗೂ ಸಿಗಬಾರದೆಂದು ಅದರ ಬುಡಕ್ಕೇ ಸುರಿಯುತ್ತಿದ್ದರು. ಅಷ್ಟೂ ಜನರ ನೀರು, ಅದರ ಮೇಲೆ ಹಾಲು, ವಿಭೂತಿ. ಇಷ್ಟು ಭಕ್ತಿಯನ್ನು ಆ ಬಡಪಾಯಿ ಗಿಡ ಹೇಗೆ ತಡೆದುಕೊಂಡೀತು? ವರ್ಷಗಟ್ಟಲೆ ಒಂದು ಹೂವನ್ನೂ ಬಿಟ್ಟಿರಲಿಲ್ಲ.

ಅಕ್ತರಬೀ ಕುಂಡ ಬೋರಲು ಹಾಕಿ ನೋಡಿದರೆ ಬೇರು ಕೊಳೆಯುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ, ತಳದ ತೂತು ಬಿಡಿಸಿ, ಇಟ್ಟಿಗೆಯ ಚೂರು ಹಾಸಿ, ಹೊಸ ಕೆಮ್ಮಣ್ಣು ತುಂಬಿ ಮಾಳಿಗೆಯ ಬಿಸಿಲಿಗಿಟ್ಟಳು. ಮಣ್ಣು ಒಣಗಿದ ಮೇಲಷ್ಟೇ ನೀರು. ಜೊತೆಗೆ, ಔರಾದದ ತವರಿನಲ್ಲಿ ತಾಯಿ ಮಾಡುತ್ತಿದ್ದ ಹಾಗೆ, ಶುಕ್ರವಾರದ ಅಡುಗೆಗೆ ತಂದ ಕುರಿಮಾಂಸ ತೊಳೆದ ನೀರು. ಗಿಡ ಚಿಗುರಿತು, ಹೂ ಬಿಟ್ಟಿತು, ಕಾಯಿ ಕಚ್ಚಿತು. ಮುಂದೆ ರಜಾಕಾರರನ್ನು ಅಡಗಿಸಲು ಪೊಲೀಸ್ ಆಕ್ಷನ್ ಆಗಿ, ಈಗ ಅಕ್ತರಬೀಯ ಮನೆಯವರೇ ಅಂಜಿಕೊಂಡು ಬಾಗಿಲು ಹಾಕಿ ಕೂತರು. ಆಗೆಲ್ಲ ಅವಳು ಮಾಳಿಗೆಗೆ ಹೋಗಿ ಕಾಯಿ ಮುಟ್ಟಿ ನೋಡಿ ಬರುತ್ತಿದ್ದಳು. ಊರು ಬಿಟ್ಟು ಹೋದವರು ಬಂದ ಮೇಲೆ ಮೊದಲಿನ ಹಾಗೇ ಮಾತಾಡಿಸುತ್ತಾರೋ ಇಲ್ಲವೋ ಎಂಬ ಚಿಂತೆ ಅವಳನ್ನು ಕೊರೆಯುತ್ತಿತ್ತು.

ಮಾತಾಡಿಸದೆ ಏನು! ಗಿಡ ಕಂಡದ್ದೇ ರುಕ್ಮಿಣಿಬಾಯಿ ಅಕ್ತರಬೀಯ ಗಲ್ಲ ಸವರಿ ನೆಟಿಗೆ ಮುರಿದಳು. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಅಂದಳು. ಸೊಸೆ ಶಿವಕಾಂತಾಳನ್ನು ಕೂಗಿ, ಇವತ್ತು ಸೋಮವಾರ, ಮಠದ ಅಯ್ಯನವರು ಪ್ರಸಾದಕ್ಕೆ ಬರುತ್ತಾರೆ, ಮೊದಲ ಹಣ್ಣು ಅವರ ತಟ್ಟೆಗೇ ಹಿಂಡೋಣ ಎನ್ನುತ್ತ ಹಣ್ಣಿಗೆ ಕೈ ಹಾಕಿದಳು.

ಅಕ್ತರಬೀಯ ನಗೆ ಅಲ್ಲೇ ಇಂಗಿತು. ಅಯ್ಯನವರೋ ಉಳ್ಳಾಗಡ್ಡಿಯನ್ನೂ ಮುಟ್ಟದವರು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಈ ಮನೆಯ ಬಾಗಿಲು ತನಗೆ ಮುಚ್ಚಿದಂತೆಯೇ. ಲಿಂಗದ ನೀರು ಉಂಡ ಗಿಡಕ್ಕೆ ಎಂಥ ನೀರು ಹಾಕಿದೆ ಅನ್ನುತ್ತಾರೆ. ಆದರೂ ನಂಬಿ ಉಣ್ಣುವವರ ತಟ್ಟೆಗೆ ಮೋಸ ಮಾಡಲು ಅವಳ ಮನಸ್ಸು ಒಪ್ಪಲಿಲ್ಲ.

"ಆಯಿ, ಅದನ್ನ ಹರೀಬ್ಯಾಡ್ರಿ," ಅಂದಳು. "ಜುಮ್ಮಾಕ್ಕೊಮ್ಮೆ ಇದಕ್ಕ ಖಂಡ ತೊಳದ ನೀರು ಹಾಕೀನ್ರಿ. ಗಿಡ ಸಾಯಲಕತ್ತಿತ್ತು. ನಿಮಗ ಜೀವಂತ ಕೊಡಬೇಕಿತ್ತರಿ ನನಗ."

ರುಕ್ಮಿಣಿಬಾಯಿ ಬೆಂಕಿ ತಾಕಿದವಳಂತೆ ಕೈ ಎಳೆದುಕೊಂಡಳು. ಶಿವಕಾಂತಾ ಎರಡು ಹೆಜ್ಜೆ ಹಿಂದೆ ಸರಿದಳು. ಮುದುಕಿ ಹೊಸ್ತಿಲ ಮೇಲೆ ಕೂತು ಗಿಡವನ್ನೇ ನೋಡಿದಳು, ಉಗುರಿನಿಂದ ಮಣ್ಣು ಕೆದರಿದಳು, ಬೇರು ಹೇಗಿತ್ತು ಎಂದು ಕೇಳಿದಳು. ಅಕ್ತರಬೀ ಒಂದನ್ನೂ ಮುಚ್ಚಿಡದೆ ಹೇಳಿದಳು.

"ಅಂದ್ರ ಇಷ್ಟು ವರ್ಷ ನಾವು ಭಕ್ತಿ ಮಾಡಿ ಮಾಡಿ ಇದರ ಬೇರು ಕೊಳಸೀವಿ," ಅಂದಳು ಮುದುಕಿ. ಅಂದವಳೇ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಯ್ಯನವರ ನೇಮ ಅಯ್ಯನವರಿಗೆ ಇರಲಿ, ಅವರಿಗೆ ಬಜಾರದ ನಿಂಬೆ ತರಿಸು ಎಂದು ಸೊಸೆಗೆ ಹೇಳಿದಳು. ಹಾಗಾದರೆ ಈ ಹಣ್ಣು ಏನು ಮಾಡುವುದು ಎಂದು ಶಿವಕಾಂತಾ ಮುಖ ಹುಳ್ಳಗೆ ಮಾಡಿದಾಗ ಮುದುಕಿಗೆ ರೇಗಿತು.

"ಬಜಾರದ ನಿಂಬಿ ಏನು ತಿಂದು ಬೆಳದದ ಅಂತ ಯಾವತ್ತರ ಕೇಳೀವೇನು? ಇಕಿ ಖರೇ ಹೇಳಿದಳು, ಅದಕ್ಕ ನಮಗ ಗೊತ್ತಾತು."

ಅವಳೇ ಒಂದು ಹಣ್ಣು ಹರಿದು, ತೊಳೆದು, ಎರಡು ಹೋಳು ಮಾಡಿ ಉಪ್ಪು ಸವರಿ ಒಂದನ್ನು ಅಕ್ತರಬೀಗೆ ಕೊಟ್ಟಳು, ಇನ್ನೊಂದನ್ನು ತಾನು ಚೀಪಿದಳು. ಹುಳಿಗೆ ಇಬ್ಬರ ಕಣ್ಣೂ ಮುಚ್ಚಿಹೋದವು. ಮರುದಿನದಿಂದ ಲಿಂಗದ ನೀರು ಬಾವಿಯ ಬದಿಯ ಬಿಲ್ವಪತ್ರಿ ಮರಕ್ಕೆ ಹೋಯಿತು.

ಶುಕ್ರವಾರ ಅಕ್ತರಬೀ ಮಾಂಸ ತೊಳೆದು, ನೀರಿನ ಬೋಗುಣಿ ಹಿಡಿದು ಹಿತ್ತಿಲಲ್ಲಿ ನಿಂತಳು. ಅವರು ದೊಡ್ಡ ಮನಸ್ಸು ಮಾಡಿದರೆಂದು ತಾನು ಸಲಿಗೆ ತೆಗೆದುಕೊಳ್ಳಬಾರದು ಎಂದುಕೊಂಡು ಮೋರಿಯ ಕಡೆ ಬಗ್ಗಿದಳು. ಅಷ್ಟರಲ್ಲಿ ಪಕ್ಕದ ಹಿತ್ತಿಲ ಬಾಗಿಲು ತೆರೆಯಿತು.

"ಅಕ್ತರಬೀ, ಎಲ್ಲಿ ಚೆಲ್ಲತಿ ಅದನ್ನ? ಗಿಡ ಹಾದಿ ನೋಡಲಕತ್ತದ, ಬಾ."

ಅಕ್ತರಬೀ ಬೋಗುಣಿ ಹೊತ್ತು ಹೋದಳು. ರುಕ್ಮಿಣಿಬಾಯಿ ಸೆರಗಿನಿಂದ ಮೂಗು ಮುಚ್ಚಿ, ಮುಖವನ್ನು ಅತ್ತ ತಿರುಗಿಸಿಕೊಂಡು, ನೀರು ಸರಿಯಾಗಿ ಬುಡಕ್ಕೆ ಬೀಳಲೆಂದು ಮುಳ್ಳಿನ ಟೊಂಗೆಗಳನ್ನು ಒಂದು ಕೈಯಿಂದ ಮೇಲೆತ್ತಿ ಹಿಡಿದಳು.